ಕೊಳಕು ಗಾಳಿಗೆ ಗೊಬ್ಬರದ ಹಾಸು

ಚಿಮಣಿಯಿಂದ ಕಪ್ಪು ಹೊಗೆ ಎದ್ದರೆ ಫೋಟೊ ತೆಗೆದು ಅಧಿಕಾರಿಗೆ ಕಳಿಸಬಹುದು. ನಾತದ ಫೋಟೊ ತೆಗೆಯಲು ಬರುವುದಿಲ್ಲ. ಅಧಿಕಾರಿ ಜೀಪಿಳಿಯುವ ಹೊತ್ತಿಗೆ ಗಾಳಿ ದಿಕ್ಕು ಬದಲಿಸಿರುತ್ತದೆ. ದೂರು ಕೊಟ್ಟವರೇ ಸುಳ್ಳರಾಗುತ್ತಾರೆ. ಕಾನೂನಿನ ಲೆಕ್ಕದಲ್ಲೂ ನಾತಕ್ಕೆ ಜಾಗ ಕಡಿಮೆ. ಹೊರಗಿನ ಗಾಳಿಯ ಗುಣಮಟ್ಟಕ್ಕಾಗಿ ಭಾರತ 2009ರಲ್ಲಿ ಹೊರಡಿಸಿದ ರಾಷ್ಟ್ರೀಯ ಮಾನದಂಡದಲ್ಲಿ 12 ಮಾಲಿನ್ಯಕಾರಕಗಳಿವೆ. ದೂಳು, ಸೀಸ, ಓಝೋನ್, ಬೆಂಜೀನ್, ಅಮೋನಿಯಾ ಎಲ್ಲವೂ ಅಲ್ಲಿವೆ. ಕೊಳೆತ ಮೊಟ್ಟೆಯಂತೆ ನಾರುವ ಹೈಡ್ರೋಜನ್ ಸಲ್ಫೈಡ್ ಇಲ್ಲ, ಮೀನಿನ ವಾಸನೆಯ ಟ್ರೈಮೀಥೈಲಮೀನ್ ಇಲ್ಲ, ವಾಸನೆ ಎಂಬ ಅಂಶವೇ ಇಲ್ಲ.

ಆದರೆ ಜನ ಬೀದಿಗಿಳಿಯುವುದು ಬಹಳ ಸಲ ಇದಕ್ಕಾಗಿಯೇ. ಬೆಂಗಳೂರಿನ ಕಸದ ಲಾರಿಗಳನ್ನು ಮಂಡೂರಿನ ಜನ ತಡೆದು ನಿಲ್ಲಿಸಿದರು; 2014ರ ಕೊನೆಗೆ ಅಲ್ಲಿ ಕಸ ಸುರಿಯುವುದು ನಿಂತಿತು. ನೊಣ, ಕೆಟ್ಟ ನೀರು, ಕಾಯಿಲೆಯ ಭಯದ ಜೊತೆಗೆ ದಿನವಿಡೀ ಮೂಗಿಗೆ ಅಡರುವ ಗಬ್ಬೂ ಆ ಹೋರಾಟದ ಕಾರಣವಾಗಿತ್ತು. ಎಚ್‌ಎಸ್‌ಆರ್ ಬಡಾವಣೆಯ ಪಕ್ಕದ ಕಾಂಪೋಸ್ಟ್ ಘಟಕದ ಸುತ್ತಲಿನವರು ವರ್ಷಗಳ ಕಾಲ ಇದೇ ದೂರು ಹೇಳಿದರು. ಕರಾವಳಿಯಲ್ಲಿ ಫಿಶ್‌ಮೀಲ್ ಕಾರ್ಖಾನೆಗಳ ನೆರೆಯವರದೂ ಅದೇ ಕಥೆ. ಅಪಾರ್ಟ್‌ಮೆಂಟಿನ ನೆಲಮಾಳಿಗೆಯಲ್ಲಿ ಎಸ್‌ಟಿಪಿ, ಅಂದರೆ ಚರಂಡಿ ನೀರಿನ ಶುದ್ಧೀಕರಣ ಘಟಕ, ಇಟ್ಟುಕೊಂಡವರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಈ ಗಾಳಿಗಳೆಲ್ಲದರ ಗುಣ ಒಂದೇ. ಅವುಗಳಲ್ಲಿ ಮಾಲಿನ್ಯ ಸ್ವಲ್ಪ, ಗಾಳಿ ಅಪಾರ. ಪ್ರತಿ ಘನ ಮೀಟರಿಗೆ ಕೆಲವೇ ಮಿಲಿಗ್ರಾಂ, ಹೆಚ್ಚೆಂದರೆ ಕೆಲವು ನೂರು ಮಿಲಿಗ್ರಾಂ ಸಾವಯವ ಅನಿಲ ಇರುತ್ತದೆ. ಅಂಥ ಗಾಳಿ ಗಂಟೆಗೆ ಹತ್ತಾರು ಸಾವಿರ ಘನ ಮೀಟರ್ ಹೊರಬೀಳುತ್ತದೆ. ಹೀಗೆ ತೆಳುವಾಗಿ ಹರಡಿಕೊಂಡ ಕೊಳೆಗೆ ನಮ್ಮ ಕೈಯಲ್ಲಿರುವ ಉಪಾಯಗಳಲ್ಲಿ ಬಯೋಫಿಲ್ಟರಿನಷ್ಟು ಮಿತವ್ಯಯದ್ದು ಮತ್ತೊಂದಿಲ್ಲ ಎಂಬುದು ನನ್ನ ವಾದ. ಅದನ್ನು ಕೊಂಡು, ಉದ್ಘಾಟಿಸಿ, ಮರೆತುಬಿಡುವ ಆಡಳಿತದಲ್ಲಿ ಅದರಷ್ಟು ನಿಷ್ಪ್ರಯೋಜಕವಾದದ್ದೂ ಮತ್ತೊಂದಿಲ್ಲ. ಎರಡನೆಯ ಮಾತನ್ನು ಒಪ್ಪದವರು ಮೊದಲನೆಯದನ್ನು ಒಪ್ಪದಿರುವುದೇ ವಾಸಿ.

ಬಯೋಫಿಲ್ಟರಿನ ರಚನೆ ನೋಡಲು ಏನೇನೂ ಅಲ್ಲ. ಒಂದು ದೊಡ್ಡ ತೊಟ್ಟಿ. ತಳದಲ್ಲಿ ತೂತುಗಳಿರುವ ಕೊಳವೆ ಅಥವಾ ಜಾಲರಿ. ಅದರ ಮೇಲೆ ಒಂದು, ಒಂದೂವರೆ ಮೀಟರ್ ಎತ್ತರಕ್ಕೆ ಮಾಗಿದ ಕಾಂಪೋಸ್ಟ್, ಮರದ ಚಕ್ಕೆ, ತೊಗಟೆ, ಬೇರಿನ ತುಂಡುಗಳ ಹಾಸು. ಬ್ಲೋವರ್ ಕೊಳಕು ಗಾಳಿಯನ್ನು ಎಳೆದು, ತೇವಗೊಳಿಸಿ, ಕೆಳಗಿನಿಂದ ದೂಡುತ್ತದೆ. ಹಾಸಿನ ಪ್ರತಿ ತುಣುಕಿನ ಮೈಮೇಲೂ ತೆಳುವಾದ ನೀರಿನ ಪೊರೆ ಇರುತ್ತದೆ, ಆ ಪೊರೆಯಲ್ಲಿ ಬ್ಯಾಕ್ಟೀರಿಯಾ ಮತ್ತು ಶಿಲೀಂಧ್ರಗಳು ಒತ್ತೊತ್ತಾಗಿ ಬೀಡುಬಿಟ್ಟಿರುತ್ತವೆ. ಗಾಳಿ ನುಸುಳಿ ಹೋಗುವಾಗ ಅದರಲ್ಲಿನ ಅನಿಲಗಳು ಪೊರೆಯಲ್ಲಿ ಕರಗುತ್ತವೆ. ಜೀವಿಗಳು ಅವನ್ನು ತಿನ್ನುತ್ತವೆ. ಟೊಲ್ವೀನ್ ಎಂಬ ದ್ರಾವಕವನ್ನು ಸುಡೊಮೊನಾಸ್ ಕುಲದ ಬ್ಯಾಕ್ಟೀರಿಯಾ ಇಂಗಾಲದ ಡೈಆಕ್ಸೈಡ್, ನೀರು ಮತ್ತು ತಮ್ಮದೇ ಹೊಸ ಕೋಶಗಳಾಗಿ ಬದಲಿಸುತ್ತವೆ. ಹೈಡ್ರೋಜನ್ ಸಲ್ಫೈಡನ್ನು ಥಯೋಬ್ಯಾಸಿಲಸ್ ಸಲ್ಫೇಟ್ ಮಾಡುತ್ತದೆ. ಮೇಲಿನಿಂದ ಹೊರಬರುವ ಗಾಳಿಗೆ ಒದ್ದೆ ಮಣ್ಣಿನ ವಾಸನೆ ಇರುತ್ತದೆ, ಏಕೆಂದರೆ ಮಣ್ಣಿನಲ್ಲಿ ಆ ವಾಸನೆ ಹುಟ್ಟಿಸುವ ಜೀವಿಗಳೇ ಇಲ್ಲೂ ಇವೆ.

ಉಳಿದ ಉಪಾಯಗಳಿಗೂ ಇದಕ್ಕೂ ಇರುವ ವ್ಯತ್ಯಾಸ ಇಲ್ಲೇ. ಸಕ್ರಿಯ ಇದ್ದಿಲು ಮಾಲಿನ್ಯವನ್ನು ಹಿಡಿದಿಟ್ಟುಕೊಳ್ಳುತ್ತದೆಯೇ ಹೊರತು ನಾಶ ಮಾಡುವುದಿಲ್ಲ. ತುಂಬಿದ ಇದ್ದಿಲು ಮುಂದೆ ಯಾರದೋ ಊರಿನ ಅಪಾಯಕಾರಿ ತ್ಯಾಜ್ಯವಾಗುತ್ತದೆ. ರಾಸಾಯನಿಕ ಸ್ಕ್ರಬರಿಗೆ ಕಾಸ್ಟಿಕ್ ಸೋಡಾ, ಬ್ಲೀಚ್ ನಿತ್ಯ ಬೇಕು. ಕಸದ ರಾಶಿಯ ಮೇಲೆ ಸುಗಂಧ ಸಿಂಪಡಿಸುವುದು ಮೂಗಿಗೆ ಮಾಡುವ ಮೋಸ. ಉರಿಸುವ ವಿಧಾನ ನಿಜಕ್ಕೂ ನಾಶ ಮಾಡುತ್ತದೆ, ಆದರೆ ಅದರ ಬೆಲೆ ಏನು?

ಒಂದು ಲೆಕ್ಕ ಹಾಕಿ ನೋಡೋಣ. ಮುಚ್ಚಿದ ಶೆಡ್ಡಿನಿಂದ ಗಂಟೆಗೆ 30,000 ಘನ ಮೀಟರ್ ಗಾಳಿ ಹೊರಬರುತ್ತದೆ, ಪ್ರತಿ ಘನ ಮೀಟರಿನಲ್ಲಿ 200 ಮಿಲಿಗ್ರಾಂ ಸಾವಯವ ಅನಿಲ ಇದೆ ಎಂದುಕೊಳ್ಳಿ. ಅಂದರೆ ಗಂಟೆಗೆ ನಾಶ ಮಾಡಬೇಕಾದದ್ದು ಬರೀ 6 ಕಿಲೋ. ಅಷ್ಟೂ ಗಾಳಿಯನ್ನು 30 ಡಿಗ್ರಿಯಿಂದ 800 ಡಿಗ್ರಿ ಸೆಲ್ಸಿಯಸ್‌ಗೆ ಕಾಯಿಸಿ ಸುಡಬೇಕಾದರೆ ಗಂಟೆಗೆ 750 ಲೀಟರಿಗೂ ಹೆಚ್ಚು ಡೀಸೆಲ್ ಬೇಕಾಗುತ್ತದೆ. ಹೊರಹೋಗುವ ಶಾಖದ ಶೇ 95ನ್ನು ಮರಳಿ ಪಡೆಯುವ ದುಬಾರಿ ಕುಲುಮೆ ಹಾಕಿದರೂ ಸುಮಾರು 40 ಲೀಟರ್ ತಪ್ಪುವುದಿಲ್ಲ. 6 ಕಿಲೋ ಕೊಳೆ ಕಳೆಯಲು 30 ಕಿಲೋಗೂ ಮೇಲೆ ಎಣ್ಣೆ ಉರಿಸಿ, ಅದರ ಹೊಗೆಯನ್ನು ಅದೇ ಆಕಾಶಕ್ಕೆ ಬಿಟ್ಟಂತಾಯಿತು.

ಅದೇ ಗಾಳಿಗೆ ಬಯೋಫಿಲ್ಟರ್ ಕಟ್ಟಿದರೆ? ಚದರ ಮೀಟರಿಗೆ ಗಂಟೆಗೆ 100 ಘನ ಮೀಟರ್ ಗಾಳಿ ಎಂಬ ಸಾಮಾನ್ಯ ಹೊರೆಯಲ್ಲಿ 300 ಚದರ ಮೀಟರ್ ಜಾಗ ಬೇಕು. 30×40 ಅಡಿಯ ಮೂರು ಸೈಟುಗಳಿಗಿಂತ ತುಸು ಕಡಿಮೆ. ಹಾಸು ಒಂದು ಮೀಟರ್ ಎತ್ತರವಿದ್ದರೆ ಗಾಳಿ ಅದರೊಳಗೆ 36 ಸೆಕೆಂಡ್ ಇರುತ್ತದೆ. ಬ್ಲೋವರಿಗೆ ಹದಿನಾಲ್ಕು, ಹದಿನೈದು ಕಿಲೋವ್ಯಾಟ್ ವಿದ್ಯುತ್ ಸಾಕು. ಬೆಂಕಿ ಇಲ್ಲ, ಇಂಧನ ಇಲ್ಲ. ಕೆಲಸ ಕೋಣೆಯ ಉಷ್ಣತೆಯಲ್ಲೇ ಮುಗಿಯುತ್ತದೆ. ನಮ್ಮ ಹವೆಯೂ ಇದಕ್ಕೆ ಅನುಕೂಲವೇ: ಈ ಜೀವಿಗಳಿಗೆ ಹಿತವಾದ 20ರಿಂದ 40 ಡಿಗ್ರಿ ಸೆಲ್ಸಿಯಸ್ ನಮ್ಮಲ್ಲಿ ವರ್ಷದ ಬಹುಪಾಲು ಬಿಟ್ಟಿಯಾಗಿ ಸಿಗುತ್ತದೆ. ಜರ್ಮನಿಯ ಚಳಿಗಾಲದಲ್ಲಿ ಅದನ್ನು ಕಾಪಾಡಿಕೊಳ್ಳಬೇಕು.

ಇದು ನಿನ್ನೆ ಮೊನ್ನೆಯ ಪ್ರಯೋಗವೂ ಅಲ್ಲ. ಚರಂಡಿ ನೀರಿನ ಶುದ್ಧೀಕರಣ ಘಟಕದ ನಾತಕ್ಕೆ ಜೈವಿಕ ಪರಿಹಾರವನ್ನು ಜರ್ಮನಿಯ ಬಾಖ್ ಎಂಬ ತಜ್ಞ ಸೂಚಿಸಿದ್ದು 1923ರಲ್ಲಿ. ಅಮೆರಿಕದಲ್ಲಿ ರಿಚರ್ಡ್ ಪೊಮರಾಯ್ ಮಣ್ಣಿನ ಹಾಸಿಗೆ 1957ರಲ್ಲಿ ಪೇಟೆಂಟ್ ಪಡೆದರು. 1966ರಲ್ಲಿ ಕಾರ್ಲ್‌ಸನ್ ಮತ್ತು ಲೈಸರ್ ಎಂಬ ಸಂಶೋಧಕರು ಒಂದು ಸಂಶಯವನ್ನು ಬಗೆಹರಿಸಿದರು: ಮಣ್ಣು ನಾತವನ್ನು ಹೀರಿಕೊಂಡು ಸುಮ್ಮನಾಗುವುದಿಲ್ಲ, ಅದರಲ್ಲಿನ ಜೀವಿಗಳು ಅದನ್ನು ನಿಜಕ್ಕೂ ಒಡೆಯುತ್ತವೆ. ನೆದರ್‌ಲ್ಯಾಂಡ್ಸಿನ ಐಂಡ್‌ಹೋವನ್‌ನಲ್ಲಿ ಸೈಮನ್ ಆಟೆನ್‌ಗ್ರಾಫ್ 1983ರಲ್ಲಿ ಈ ಕ್ರಿಯೆಗೆ ಗಣಿತದ ಚೌಕಟ್ಟು ಕೊಟ್ಟ ಮೇಲೆ ಕೈಯಂದಾಜಿನ ತೊಟ್ಟಿ ಎಂಜಿನಿಯರಿಂಗ್ ವಿನ್ಯಾಸವಾಯಿತು. ಎಷ್ಟು ಸಾಂದ್ರತೆಯವರೆಗೆ ಪೊರೆಯೊಳಕ್ಕೆ ಆಹಾರ ತಲುಪುವುದೇ ನಿಧಾನ, ಎಲ್ಲಿಂದಾಚೆಗೆ ಜೀವಿಗಳು ತಿನ್ನುವ ವೇಗವೇ ಮಿತಿ ಎಂಬುದು ಅದರಿಂದ ಸ್ಪಷ್ಟವಾಯಿತು. ಆ ದಶಕದಲ್ಲಿ ಜರ್ಮನಿ, ನೆದರ್‌ಲ್ಯಾಂಡ್ಸ್‌ಗಳ ಕಾಂಪೋಸ್ಟ್ ಘಟಕ, ಕಸಾಯಿಖಾನೆಯ ಉಳಿಕೆ ಬೇಯಿಸುವ ಕಾರ್ಖಾನೆ, ಆಹಾರ ಉದ್ಯಮಗಳಲ್ಲಿ ಬಯೋಫಿಲ್ಟರ್ ಸಾಮಾನ್ಯವಾಯಿತು.

ಇದಕ್ಕೆ ಬರುವ ಆಕ್ಷೇಪಗಳಲ್ಲಿ ಗಟ್ಟಿಯಾದವೂ ಇವೆ.

ಮೊದಲನೆಯದು, ಎಲ್ಲ ಅನಿಲವೂ ಇದಕ್ಕೆ ಬಗ್ಗುವುದಿಲ್ಲ. ನೀರಿನಲ್ಲಿ ಕರಗುವ ಆಲ್ಕೊಹಾಲ್, ಅಸಿಟೋನ್, ಸಾವಯವ ಆಮ್ಲ, ಅಮೀನ್‌ಗಳು ಸುಲಭ. ಟೊಲ್ವೀನ್ ಮಧ್ಯಮ. ಹೆಕ್ಸೇನ್‌ನಂಥವು ನೀರನ್ನು ಕಂಡರಾಗದೆ ಗಾಳಿಯಲ್ಲೇ ಉಳಿದು ಹಾಸನ್ನು ದಾಟಿ ಹೋಗುತ್ತವೆ. ಔಷಧ ಕಾರ್ಖಾನೆಗಳ ಡೈಕ್ಲೋರೋಮೀಥೇನನ್ನು ಹೈಫೊಮೈಕ್ರೋಬಿಯಂ ಎಂಬ ಬ್ಯಾಕ್ಟೀರಿಯಾ ತಿನ್ನಬಲ್ಲದು; ಆದರೆ ಉಳಿಕೆಯಾಗಿ ಹೈಡ್ರೋಕ್ಲೋರಿಕ್ ಆಮ್ಲ ಬರುತ್ತದೆ, ಅದು ಕಾಂಪೋಸ್ಟ್ ಹಾಸನ್ನು ಹುಳಿಯಾಗಿಸಿ ಜೀವಿಗಳನ್ನೇ ಕೊಲ್ಲುತ್ತದೆ. ಪ್ಲಾಸ್ಟಿಕ್ ಅಥವಾ ಫೋಮ್ ತುಂಬಿ ಮೇಲಿನಿಂದ ನೀರು ಹನಿಸುತ್ತ ಆಮ್ಲವನ್ನು ತೊಳೆದುಹಾಕುವ ಬಯೋಟ್ರಿಕ್ಲಿಂಗ್ ಫಿಲ್ಟರ್ ಅಲ್ಲಿ ಬೇಕು. ಹೊರೆಗೂ ಮಿತಿ ಇದೆ. ನಮ್ಮ ಲೆಕ್ಕದ ಹಾಸಿಗೆ ಘನ ಮೀಟರಿಗೆ ಗಂಟೆಗೆ 20 ಗ್ರಾಂ ಬೀಳುತ್ತದೆ. ಸುಲಭವಾಗಿ ಒಡೆಯುವ ವಸ್ತುವಾದರೆ ಅದನ್ನು ಅರಗಿಸಿಕೊಳ್ಳಬಹುದು. ಅದೇ ಗಾಳಿಯಲ್ಲಿ 2 ಗ್ರಾಂ ದ್ರಾವಕವಿದ್ದರೆ ಹೊರೆ ಹತ್ತು ಪಟ್ಟಾಗಿ, ಬಹುಪಾಲು ಹಾಗೇ ಹೊರಬೀಳುತ್ತದೆ. ಅಷ್ಟು ಗಟ್ಟಿ ಅನಿಲವನ್ನು ತಂಪುಮಾಡಿ ದ್ರಾವಕವನ್ನು ಮರಳಿ ಹಿಡಿಯಬೇಕು, ಇಲ್ಲವೇ ಉರಿಸಬೇಕು. ಅದಕ್ಕೆ ಹೊರಗಿನ ಗಾಳಿ ಬೆರೆಸಿ ತೆಳುಮಾಡಿ ಬಯೋಫಿಲ್ಟರಿಗೆ ಕಳಿಸುವುದು ಕಾಗದದ ಮೇಲೆ ಮಾತ್ರ ಶುದ್ಧೀಕರಣ. ಬೆರೆಸಿದರೂ ಗಂಟೆಗೆ ಬರುವ ಕಿಲೋಗ್ರಾಂ ಅಷ್ಟೇ ಇರುತ್ತದಲ್ಲ?

ಎರಡನೆಯ ಆಕ್ಷೇಪ ಬಯೋಫಿಲ್ಟರಿನ ತವರಿನಿಂದಲೇ ಬಂದದ್ದು, ಆದ್ದರಿಂದ ಹೆಚ್ಚು ತೂಕದ್ದು. ಜರ್ಮನಿ 2001ರಲ್ಲಿ ಕಸವನ್ನು ಯಾಂತ್ರಿಕ ಮತ್ತು ಜೈವಿಕವಾಗಿ ಸಂಸ್ಕರಿಸುವ ಘಟಕಗಳಿಗೆ ಕಟ್ಟುನಿಟ್ಟಿನ ನಿಯಮ ತಂದಿತು: ಹೊರಬಿಡುವ ಗಾಳಿಯಲ್ಲಿ ಒಟ್ಟು ಸಾವಯವ ಇಂಗಾಲ ದಿನದ ಸರಾಸರಿ ಘನ ಮೀಟರಿಗೆ 20 ಮಿಲಿಗ್ರಾಂ ದಾಟಬಾರದು, ಸಂಸ್ಕರಿಸಿದ ಪ್ರತಿ ಟನ್ನಿಗೆ 55 ಗ್ರಾಂ ದಾಟಬಾರದು. ಬಯೋಫಿಲ್ಟರ್ ಒಂದರಿಂದಲೇ ಆ ಗುರಿ ಮುಟ್ಟಲಾಗಲಿಲ್ಲ. ಮೀಥೇನ್ ನೀರಿನಲ್ಲಿ ಹೆಚ್ಚು ಕರಗದೆ ನುಸುಳಿಕೊಳ್ಳುತ್ತಿತ್ತು. ಅಮೋನಿಯಾ ಹೆಚ್ಚಿದ್ದಲ್ಲಿ ಜೀವಿಗಳು ಅದರ ಒಂದು ಪಾಲನ್ನು ನೈಟ್ರಸ್ ಆಕ್ಸೈಡ್ ಮಾಡಿ, ಹವಾಮಾನಕ್ಕೆ ಇನ್ನೂ ಕೆಟ್ಟ ಅನಿಲವನ್ನು ಹೊರಬಿಡುತ್ತಿದ್ದವು. ಅಂಥ ಅನೇಕ ಘಟಕಗಳು ಮೊದಲು ಆಮ್ಲದ ಸ್ಕ್ರಬರಿನಿಂದ ಅಮೋನಿಯಾ ತೆಗೆದು, ಗಟ್ಟಿ ಗಾಳಿಯನ್ನು ಉರಿಸುವ ಕುಲುಮೆಗೆ ಕಳಿಸಬೇಕಾಯಿತು. ಬಯೋಫಿಲ್ಟರ್ ಸೋತಿತೆಂದು ಕೆಲವರು ಇದನ್ನು ಉದಾಹರಿಸುತ್ತಾರೆ. ನನಗೆ ಇದು ಬೇರೆಯೇ ಪಾಠ ಹೇಳುತ್ತದೆ. ಅಲ್ಲಿ ಅಳೆದರು, ಮಿತಿ ಎಲ್ಲಿದೆ ಎಂದು ತಿಳಿದುಕೊಂಡರು, ಗಾಳಿಯನ್ನು ಅದರ ಗಟ್ಟಿತನಕ್ಕೆ ತಕ್ಕಂತೆ ವಿಂಗಡಿಸಿದರು. ನಮ್ಮ ಫಿಶ್‌ಮೀಲ್ ಕಾರ್ಖಾನೆಗೂ ಇದೇ ದಾರಿ: ಕುಕ್ಕರ್, ಡ್ರೈಯರಿನ ಆವಿಯನ್ನು ತಂಪುಮಾಡಿ, ಹಿಡಿಯಲಾಗದ್ದನ್ನು ಬಾಯ್ಲರಿನ ಬೆಂಕಿಗೆ ಕೊಡುವುದು, ಶೆಡ್ಡಿನ ತೆಳು ಗಾಳಿಯನ್ನು ಬಯೋಫಿಲ್ಟರಿಗೆ ಕೊಡುವುದು.

ಮೂರನೆಯದು ಜಾಗ ಮತ್ತು ನೀರಿನ ಪ್ರಶ್ನೆ. ಜಾಗದ ಮಟ್ಟಿಗೆ ಒಂದು ಉತ್ತರ ಕ್ಯಾಲಿಫೋರ್ನಿಯಾದಿಂದ ಬಂದಿದೆ. ಅಲ್ಲಿನ ಆರೆಂಜ್ ಕೌಂಟಿಯ ಚರಂಡಿ ನೀರಿನ ಶುದ್ಧೀಕರಣ ಘಟಕದಲ್ಲಿ ಕಾಸ್ಟಿಕ್, ಬ್ಲೀಚ್ ಬಳಸುತ್ತಿದ್ದ ಹಳೆಯ ಸ್ಕ್ರಬರಿನೊಳಗೆ ಫೋಮ್ ತುಂಡುಗಳನ್ನು ತುಂಬಿ ಡೇವಿಡ್ ಗಾಬ್ರಿಯೆಲ್ ಮತ್ತು ಮಾರ್ಕ್ ಡೆಶೂಸ್ ಅದನ್ನು ಬಯೋಟ್ರಿಕ್ಲಿಂಗ್ ಫಿಲ್ಟರ್ ಮಾಡಿದರು. 2003ರಲ್ಲಿ ಪ್ರಕಟವಾದ ಆ ಕೆಲಸದಲ್ಲಿ ಗಾಳಿ ಒಳಗಿದ್ದದ್ದು ಎರಡು ಸೆಕೆಂಡಿನ ಆಸುಪಾಸು, ಕೆಲವೊಮ್ಮೆ 1.6 ಸೆಕೆಂಡ್ ಮಾತ್ರ. ಹೈಡ್ರೋಜನ್ ಸಲ್ಫೈಡ್ ಅಷ್ಟರಲ್ಲೇ ಬಹುಪಾಲು ಮಾಯವಾಯಿತು. ಎಲ್ಲ ಅನಿಲಕ್ಕೂ ಈ ವೇಗ ಸಿಗದು. ಆದರೂ ಎಸ್‌ಟಿಪಿಯ ನಾತಕ್ಕೆ ವಿಶಾಲವಾದ ತೊಟ್ಟಿಯೇ ಬೇಕೆಂಬ ಮಾತು ಅಂದಿಗೆ ಮುಗಿಯಿತು.

ನೀರಿನ ಆಕ್ಷೇಪ ಅಷ್ಟು ಸುಲಭವಾಗಿ ತೀರುವುದಿಲ್ಲ. ಒಣಗಾಳಿಯನ್ನು ಹಾಗೇ ಬಿಟ್ಟರೆ ಅದು ಹಾಸಿನ ತೇವವನ್ನೆಲ್ಲ ಹೀರುತ್ತದೆ. ನಮ್ಮ ಲೆಕ್ಕದ 30,000 ಘನ ಮೀಟರ್ ಗಾಳಿಯನ್ನು ಒಳನಾಡಿನ ಬೇಸಿಗೆಯಲ್ಲಿ ಪೂರ್ತಿ ತೇವಗೊಳಿಸಲು ದಿನಕ್ಕೆ ಸುಮಾರು ಐದು ಸಾವಿರ ಲೀಟರ್ ನೀರು ಆವಿಯಾಗಿ ಹೋಗುತ್ತದೆ. ಟ್ಯಾಂಕರಿಗೆ ಕಾಯುವ ಊರಿನಲ್ಲಿ ಇದು ಸಣ್ಣ ಮಾತಲ್ಲ. ಹಾಗಾಗಿ ಆಯ್ಕೆ ಮಾಡುವಾಗ ವಿವೇಕ ಬೇಕು. ಕಾಂಪೋಸ್ಟ್ ಶೆಡ್ಡು, ಎಸ್‌ಟಿಪಿ, ಮೀನು ಬೇಯಿಸುವ ಮನೆಗಳ ಗಾಳಿ ಮೊದಲೇ ಒದ್ದೆಯಾಗಿರುತ್ತದೆ. ಅಲ್ಲಿ ನೀರಿನ ಖರ್ಚು ಬಹಳ ಕಡಿಮೆ, ಇರುವ ಕೊರತೆಯನ್ನೂ ಶುದ್ಧೀಕರಿಸಿದ ನೀರಿನಿಂದ ತುಂಬಬಹುದು. ಬಣ್ಣ ಸಿಂಪಡಿಸುವ ಕಾರ್ಖಾನೆಯ ಒಣ ಬಿಸಿಗಾಳಿಗೆ ಬಯೋಫಿಲ್ಟರ್ ಮೊದಲ ಆಯ್ಕೆ ಆಗಲಾರದು. ನೀರು ಬೆರೆಸಿ ಬಳಸುವ ಬಣ್ಣಕ್ಕೆ ಬದಲಾಗುವುದೇ ಅಲ್ಲಿ ಲೇಸು.

ನಾಲ್ಕನೆಯ ಆಕ್ಷೇಪವನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ, ನನಗೆ ಅದೇ ಎಲ್ಲಕ್ಕಿಂತ ದೊಡ್ಡದಾಗಿ ಕಾಣುತ್ತದೆ. ಬಯೋಫಿಲ್ಟರಿಗೆ ಬೇಕಾದದ್ದು ನಮ್ಮ ಟೆಂಡರ್ ಪದ್ಧತಿಯಲ್ಲಿ ಸಿಗುವುದಿಲ್ಲ. ಹಾಸಿನ ತೇವ ಶೇ 40ರಿಂದ 60ರ ನಡುವೆ ಇರಬೇಕು. ಕಡಿಮೆಯಾದರೆ ಒಣಗಿ ಬಿರುಕು ಬಿಡುತ್ತದೆ. ಗಾಳಿ ಬಿರುಕಿನಲ್ಲೇ ನುಗ್ಗಿ ಶುದ್ಧವಾಗದೆ ಹೊರಬರುತ್ತದೆ. ಹೆಚ್ಚಾದರೆ ಕೆಸರಾಗಿ ಉಸಿರುಕಟ್ಟಿ ಹಾಸೇ ಕೊಳೆತು ನಾರುತ್ತದೆ. ಕಾಂಪೋಸ್ಟ್ ತಾನೇ ಕರಗುತ್ತ ಕುಸಿಯುವುದರಿಂದ ಮೂರರಿಂದ ಐದು ವರ್ಷಕ್ಕೊಮ್ಮೆ ಬದಲಿಸಬೇಕು. ಹಸು ಕಟ್ಟಿದವರಿಗೆ ಇದು ಗೊತ್ತು: ರಜೆಯೆಂದು ಮೇವು ತಪ್ಪಿಸುವಂತಿಲ್ಲ, ಹಬ್ಬವೆಂದು ಎರಡು ಪಟ್ಟು ತಿನ್ನಿಸುವಂತಿಲ್ಲ. ಯಂತ್ರ ಕೊಳ್ಳಲು ನಮ್ಮಲ್ಲಿ ಹಣದ ಬಾಬ್ತು ಇರುತ್ತದೆ. ದಿನಾ ಬೆಳಿಗ್ಗೆ ಹಾಸಿನ ತೇವ ಮುಟ್ಟಿ ನೋಡುವ ಮನುಷ್ಯನಿಗೆ ಯಾವ ಬಾಬ್ತಿನಿಂದ ಸಂಬಳ? ಕಟ್ಟಿದ ಗುತ್ತಿಗೆದಾರ ಬಿಲ್ಲು ಪಾಸಾದ ಮೇಲೆ ಹೊರಡುತ್ತಾನೆ. ತಪಾಸಣೆಗೆ ಬಂದವರು ತೊಟ್ಟಿ ಇದೆಯೇ ಎಂದು ನೋಡಿ ಟಿಕ್ ಹಾಕುತ್ತಾರೆ. ತೊಟ್ಟಿ ಇರುತ್ತದೆ, ಒಳಗಿನ ಜೀವಿಗಳು ಹೋಗಿರುತ್ತವೆ.

ಹೀಗಿರುವಾಗ ಬಯೋಫಿಲ್ಟರನ್ನು ಬಿಟ್ಟುಬಿಡುವುದೇ ಜಾಣತನವಲ್ಲವೇ ಎಂದು ಕೇಳಬಹುದು. ಅಲ್ಲ. ನೋಡಿಕೊಳ್ಳದಿದ್ದರೆ ಸ್ಕ್ರಬರಿನ ಕಾಸ್ಟಿಕ್ಕೂ ಮುಗಿಯುತ್ತದೆ, ಇದ್ದಿಲೂ ತುಂಬುತ್ತದೆ, ಡೀಸೆಲ್ ಉಳಿಸಲು ಕುಲುಮೆಯೂ ರಾತ್ರಿ ಆರುತ್ತದೆ. ಆರೈಕೆ ಬೇಡದ ಶುದ್ಧೀಕರಣ ಎಂಬುದು ಎಲ್ಲೂ ಇಲ್ಲ. ಉಳಿದವಕ್ಕೆ ಆರೈಕೆಯ ಜೊತೆಗೆ ರಾಸಾಯನಿಕ ಅಥವಾ ಇಂಧನವೂ ದಿನಾ ಬೇಕು. ಇದಕ್ಕೆ ಬೇಕಾದದ್ದು ಹೆಚ್ಚಾಗಿ ಗಮನ. ದುಡ್ಡು ಕಡಿಮೆಯಿದ್ದು ಜನ ಹೆಚ್ಚಿರುವ ನಾಡಿಗೆ ಇಂಥ ತಂತ್ರವೇ ಹೊಂದಬೇಕು. ಮಾಡಬೇಕಾದದ್ದು ಗಮನವನ್ನು ಕಡ್ಡಾಯ ಮಾಡುವ ನಿಯಮ.

ಅದರ ಮೊದಲ ಷರತ್ತು ಮುಚ್ಚುವುದು. ಬಯಲಿನಲ್ಲಿ ಸುರಿದ ಕಸಕ್ಕೆ ಯಾವ ಬಯೋಫಿಲ್ಟರೂ ಇಲ್ಲ. ಗಾಳಿ ಹೊರಗೆ ಸೋರದೆ ಒಳಗೇ ಎಳೆಯುವಂತೆ ಶೆಡ್ಡು ಕಟ್ಟಿದ ಮೇಲಷ್ಟೇ ಶುದ್ಧ ಮಾಡಲು ಗಾಳಿ ಸಿಗುತ್ತದೆ. ಎರಡನೆಯದು, ಮಾಲಿನ್ಯ ನಿಯಂತ್ರಣ ಮಂಡಳಿಯ ಸಮ್ಮತಿ ಪತ್ರ ತೊಟ್ಟಿಯ ಅಳತೆಯನ್ನು ಬರೆದು ಸುಮ್ಮನಾಗದೆ, ಹೊರಬರುವ ಗಾಳಿಯ ಮಿತಿಯನ್ನೂ ಬರೆಯಬೇಕು. ಹಾಸಿನ ತೇವ, ಉಷ್ಣತೆ, ಒತ್ತಡದ ಇಳಿಕೆ ಇವುಗಳ ದಿನಚರಿ ಪುಸ್ತಕ ತಪಾಸಣೆಯ ಮುಖ್ಯ ದಾಖಲೆಯಾಗಬೇಕು. ಮೂರನೆಯದು, ಗುತ್ತಿಗೆದಾರನಿಗೆ ಹಣದ ದೊಡ್ಡ ಪಾಲು ಕಟ್ಟಿದ್ದಕ್ಕೆ ಹೋಗದೆ, ಐದು ವರ್ಷ ತಿಂಗಳು ತಿಂಗಳು ಅಳತೆ ಸರಿಬಂದಾಗ ಹೋಗಬೇಕು. ಹಾಸಿನ ವಸ್ತುವೂ ನಮ್ಮಲ್ಲೇ ಇದೆ: ತಿಪಟೂರು, ಅರಸೀಕೆರೆ ಸೀಮೆಯ ತೆಂಗಿನ ನಾರು ಮತ್ತು ಅದರ ಪುಡಿ ನೀರನ್ನು ಚೆನ್ನಾಗಿ ಹಿಡಿದಿಡುತ್ತವೆ, ನಿಧಾನವಾಗಿ ಕೊಳೆಯುತ್ತವೆ. ಕಾಂಪೋಸ್ಟ್ ಘಟಕವಂತೂ ತನ್ನ ನಾತಕ್ಕೆ ಬೇಕಾದ ಮದ್ದನ್ನು ತಾನೇ ತಯಾರಿಸುತ್ತದೆ. ಮಾಗಿದ ಗೊಬ್ಬರವನ್ನು ಜರಡಿ ಹಿಡಿದಾಗ ಮೇಲುಳಿಯುವ ದಪ್ಪ ತುಂಡುಗಳೇ ಒಳ್ಳೆಯ ಹಾಸು. ಯಾವ ಮಿಶ್ರಣ ಯಾವ ಗಾಳಿಗೆ ಎಂಬುದನ್ನು ಅದೇ ಗಾಳಿಯ ಒಂದು ಎಳೆಯನ್ನು ಘನ ಮೀಟರಿನಷ್ಟು ಹಾಸಿಗೆ ಕೆಲವು ತಿಂಗಳು ಹಾಯಿಸಿ ತಿಳಿಯಬೇಕು, ದೊಡ್ಡ ತೊಟ್ಟಿ ಕಟ್ಟುವುದು ಆಮೇಲೆ.

ಕೊನೆಯದು ಮೂಗಿನ ಸಾಕ್ಷಿಗೆ ಮಾನ್ಯತೆ. ಜರ್ಮನಿಯಲ್ಲಿ ವಾಸನೆಯನ್ನು ಗಂಟೆಯ ಲೆಕ್ಕದಲ್ಲಿ ಅಳೆಯುತ್ತಾರೆ. ತರಬೇತಿ ಪಡೆದ ಜನ ಗೊತ್ತುಮಾಡಿದ ಜಾಗಗಳಲ್ಲಿ, ಗೊತ್ತುಮಾಡಿದ ಹೊತ್ತಿನಲ್ಲಿ ನಿಂತು ವಾಸನೆ ಬಂತೋ ಇಲ್ಲವೋ ಎಂದು ತಿಂಗಳುಗಟ್ಟಲೆ ಬರೆಯುತ್ತಾರೆ. ವಸತಿ ಪ್ರದೇಶದಲ್ಲಿ ವರ್ಷದ ಶೇ 10ರಷ್ಟು, ಕೈಗಾರಿಕಾ ಪ್ರದೇಶದಲ್ಲಿ ಶೇ 15ರಷ್ಟು ಗಂಟೆಗಳಿಗಿಂತ ಹೆಚ್ಚು ಕಾಲ ವಾಸನೆ ಬಂದರೆ ಅದು ಸಹಿಸಬೇಕಾದ ಕಿರಿಕಿರಿಯಾಗಿ ಉಳಿಯುವುದಿಲ್ಲ. ಮೊದಲು ಮಾರ್ಗಸೂಚಿಯಾಗಿದ್ದ ಈ ಕ್ರಮ 2021ರಲ್ಲಿ ಅಲ್ಲಿನ ವಾಯು ನಿಯಮಾವಳಿಯೊಳಗೇ ಸೇರಿತು. ಒಂದು ದಿನ ಅಧಿಕಾರಿ ಬಂದಾಗ ಗಾಳಿ ಎತ್ತ ಬೀಸುತ್ತಿತ್ತು ಎಂಬುದು ಆಗ ಮುಖ್ಯವಾಗುವುದಿಲ್ಲ. ಇಂಥ ದಾಖಲೆ ಇಡಲು ದುಬಾರಿ ಉಪಕರಣ ಬೇಡ. ಊರಿನವರನ್ನೇ ತರಬೇತುಗೊಳಿಸಿ, ಅವರು ಬರೆದದ್ದಕ್ಕೆ ಕಾನೂನಿನ ಬೆಲೆ ಕೊಟ್ಟರೆ ಸಾಕು.

ನಗರ ತನ್ನ ಕಸ, ತನ್ನ ಕೊಳಚೆ, ತನ್ನ ತಟ್ಟೆಯ ಮೀನಿನ ಉಳಿಕೆಯನ್ನು ಎಲ್ಲೋ ಒಂದು ಕಡೆ ಸಂಸ್ಕರಿಸಲೇಬೇಕು. ಆ ಜಾಗ ಯಾವಾಗಲೂ ಬೆಲೆ ಕಡಿಮೆಯ ನೆಲವೇ ಆಗಿರುತ್ತದೆ, ಪಕ್ಕದಲ್ಲಿರುವವರು ದನಿ ಕಡಿಮೆಯವರೇ ಆಗಿರುತ್ತಾರೆ. ಮುಂದಿನ ಘಟಕಕ್ಕೆ ಜಾಗ ಕೇಳಲು ಹೋಗುವ ಪಾಲಿಕೆ ಹಳೆಯ ಘಟಕದ ಗೇಟಿನಲ್ಲಿ ಹೊರಗಾಳಿಯ ತಿಂಗಳ ಅಳತೆಯನ್ನು ಕನ್ನಡದಲ್ಲಿ ಬರೆದು ತೂಗುಹಾಕಿರಲಿ. ಅಳತೆ ತೋರಿಸಲಾರದವರಿಗೆ ಹೊಸ ಊರಿನ ಜನ ಜಾಗ ಬಿಡದಿದ್ದರೆ ಅದನ್ನು ಅಭಿವೃದ್ಧಿಗೆ ಅಡ್ಡಿ ಎಂದು ಕರೆಯುವ ಹಕ್ಕು ಯಾರಿಗೂ ಇಲ್ಲ.